ಮೂರು ಬೆರಳು ಮಣ್ಣು

ಮಲ್ಲಂದೂರು
2 ಮಾರ್ಚ್ 1998

ಶೇಷಪ್ಪ,

ಹತ್ತು ತಿಂಗಳ ಮೇಲೆ ನನ್ನ ಕಾಗದ ನೋಡಿ ನೀನು ಕನ್ನಡಕ ಒರೆಸಿಕೊಳ್ಳುತ್ತಿರಬಹುದು. ಒರೆಸಿಕೋ. ಬರೆದವಳು ವಿಮಲಮ್ಮನೇ. ಹೊರನಾಡಿನ ದೇವಸ್ಥಾನದ ಊಟದ ಮನೆಯಲ್ಲಿ ಕೆಲಸಕ್ಕಿದ್ದೀಯ ಎಂದು ನಿನ್ನ ಮಗಳು ಮುತ್ತಮ್ಮ ಹೇಳಿದಳು. ಇಪ್ಪತ್ತಾರು ವರ್ಷ ಈ ತೋಟದ ಮೇಸ್ತ್ರಿಯಾಗಿದ್ದವನು ಅಲ್ಲಿ ಉಂಡ ಎಲೆ ಎತ್ತುತ್ತಿದ್ದೀಯಂತೆ. ನಿನ್ನ ಹಟಕ್ಕೆ ಮದ್ದಿಲ್ಲ.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಬನದ ವಿಚಾರ. ತೋಟದ ನೆತ್ತಿಯ ಮೇಲಿನ ಎಂಟು ಗುಂಟೆ ಚೌಡಿ ಬನ ನಿನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ನೀನು ಹೋದ ಮೇಲೆ ಮಳೆಗಾಲದಲ್ಲಿ ದೊಡ್ಡ ನೇರಳೆಯೂ ಬಿತ್ತು. ಹಿಂದಿನ ವರ್ಷ ಹೆಬ್ಬಲಸು ಬಿದ್ದಿತ್ತಲ್ಲ, ಅದರ ಪಕ್ಕಕ್ಕೇ ಹೋಗಿ ಮಲಗಿತು. ಈಗ ಉಳಿದ ದೊಡ್ಡ ಮರ ಅಂದರೆ ಚೌಡಿಯ ಕಲ್ಲಿಗೆ ನೆರಳಾಗಿರುವ ಧೂಪದ ಮರ ಒಂದೇ. ಅದರ ಬೇರುಗಳು ಮುದುಕಿಯ ಕೈ ನರದ ಹಾಗೆ ಮೇಲೆದ್ದಿವೆ. ಕೆಳಗಿನ ಒರತೆ ಈ ವರ್ಷ ಫೆಬ್ರವರಿಗೇ ನಿಂತಿದೆ. ಬನದ ಕೆಳಗಿನ ಎರಡು ಪಟ್ಟೆ ಕಾಫಿ ಹಳದಿಗೆ ತಿರುಗಿದೆ.

ಗುದ್ದಲಿ ತೆಗೆದದ್ದು ಮೂರು ಬೆರಳು ಮಣ್ಣು. ಮಳೆ ತೆಗೆದದ್ದು ಒಂದು ಗೇಣು. ಈಗ ಅಲ್ಲಿ ಕಾಲಿಟ್ಟರೆ ಕೆಂಪು ಅಂಟು, ಬೇಸಿಗೆಯಲ್ಲಿ ಹಂಚಿನ ಹಾಗೆ ಗಟ್ಟಿ. ಲಾರಿಯಲ್ಲಿ ಗದ್ದೆಮಣ್ಣು ತರಿಸಿ ಬೇರಿನ ಮೇಲೆ ಸುರಿಸಲೇ ಎಂದು ಯೋಚಿಸಿದ್ದೇನೆ. ಸರಿಯೋ ತಪ್ಪೋ ಹೇಳು. ಇನ್ನೊಂದು ಮಳೆಗಾಲ ಆ ಮರ ತಡೆಯುವುದಿಲ್ಲ. ಅದು ಬಿದ್ದರೆ ಬನ ಮುಗಿದಂತೆ.

ಉತ್ತರ ಬರೆದರೆ ಒಳ್ಳೆಯದು. ಬರೆಯದಿದ್ದರೂ ನಾನು ಕೇಳುವ ಹಾಗಿಲ್ಲ.

ಇಂತಿ,
ವಿಮಲಮ್ಮ


ಹೊರನಾಡು
14 ಮಾರ್ಚ್ 1998

ಅಮ್ಮನವರಿಗೆ ಶೇಷಪ್ಪನ ನಮಸ್ಕಾರಗಳು.

ಕಾಗದ ತಲುಪಿತು. ಮರ ಇನ್ನೂ ನಿಂತಿದೆ ಎಂದು ಓದಿ ಸಮಾಧಾನವಾಯಿತು.

ಗದ್ದೆಮಣ್ಣು ಬೇಡ. ಬುಡಕ್ಕೆ ಹೊರಗಿನ ಮಣ್ಣು ಒಟ್ಟಿದರೆ ತೊಗಟೆ ಕೊಳೆಯುತ್ತದೆ. ಅದೂ ಅಲ್ಲದೆ ಸುರಿದ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಬಿದ್ದ ಎರಡು ಮರಗಳ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲುಸಾಲಾಗಿ ಮಲಗಿಸಿ. ಒಂದು ಸಾಲಿನಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ ಸಾಕು. ಬೊಡ್ಡೆಗಳನ್ನು ಅಲುಗಿಸಬೇಡಿ, ಅಲ್ಲೇ ಕೊಳೆಯಲಿ. ಉದುರಿದ ಎಲೆ ಆ ಸಾಲುಗಳಿಗೆ ತಡೆದು ನಿಲ್ಲುತ್ತದೆ. ದನ ನುಗ್ಗದ ಹಾಗೆ ಮುಳ್ಳು ಹಾಕಿಸಿ. ಮಳೆ ಬಿದ್ದ ಕೂಡಲೇ ಕಮ್ಯುನಿಸ್ಟ್ ಗಿಡದ ಕಳೆ ಎದ್ದು ಬರುತ್ತದೆ. ಅದನ್ನು ಕಂಡರೆ ನಿಮಗೆ ಆಗುವುದಿಲ್ಲ, ನನಗೆ ಗೊತ್ತು. ಕೀಳಿಸಬೇಡಿ. ಬೆತ್ತಲೆ ಮಣ್ಣಿಗೆ ಸಿಕ್ಕಿದ್ದೇ ಬಟ್ಟೆ. ಆಮೇಲೆ ಸಸಿಗಳು ಎದ್ದು ನೆರಳು ಬಿದ್ದರೆ ಅದು ತಾನೇ ಸಾಯುತ್ತದೆ.

ನನ್ನ ಕೆಲಸ ಇಲ್ಲಿ ಎಲೆಗುಂಡಿಯದು. ದಿನಕ್ಕೆ ಸಾವಿರಾರು ಜನ ಉಣ್ಣುತ್ತಾರೆ. ಅಷ್ಟೂ ಬಾಳೆಲೆಯನ್ನು ಹಿಂದಿನ ಗುಂಡಿಗೆ ಹಾಕಿ, ಮಗುಚಿ, ಒಣಗಿದ ಸೊಪ್ಪು ಮುಚ್ಚುವುದು. ಮೊದಲು ಹೊಗೆಯಾಡುತ್ತದೆ. ಆಮೇಲೆ ಬಿಳಿ ಬೂಸು ಹಿಡಿಯುತ್ತದೆ, ಆಮೇಲೆ ಎರೆಹುಳು. ಆರು ತಿಂಗಳಿಗೆ ಕೈಯಲ್ಲಿ ಹಿಡಿದರೆ ಕಪ್ಪು ಮಣ್ಣು. ಇಪ್ಪತ್ತಾರು ವರ್ಷ ನಾನು ಮಣ್ಣು ಅಗೆಸಿದೆ. ಅದು ಆಗುವುದನ್ನು ಕಣ್ಣಾರೆ ನೋಡಿದ್ದು ಇಲ್ಲಿಗೆ ಬಂದ ಮೇಲೆ.

ಅದರಲ್ಲಿ ಎರಡು ಮೂಟೆ ಚಿಕ್ಕಮಗಳೂರು ಬಸ್ಸಿಗೆ ಹಾಕಿ, ಅಲ್ಲಿಂದ ನಿಮ್ಮ ಬಸ್ಸಿಗೆ ಬದಲಿಸಲು ಹೇಳಿದ್ದೇನೆ. ಮೊಯ್ದು ಸಾಹೇಬರ ವರ್ಕ್‌ಶಾಪಿನಲ್ಲಿ ಇಳಿಸುತ್ತಾರೆ. ಗೊಬ್ಬರವೆಂದು ಹರಡಬೇಡಿ, ಎರಡು ಮೂಟೆ ಎಲ್ಲಿಗೆ ಸಾಕು. ಕೊಂಬೆಸಾಲಿನ ಕೆಳಗೆ ಹಿಡಿಹಿಡಿಯಾಗಿ ಇಡಿ. ಅದರಲ್ಲಿ ಜೀವ ಇದೆ, ಹೆಪ್ಪಿನ ಹಾಗೆ.

ಮುತ್ತಮ್ಮ ಹೇಗಿದ್ದಾಳೆ? ನನಗೆ ಬರೆಯುವಾಗ ಎಲ್ಲ ಚೆನ್ನಾಗಿದೆ ಎಂದೇ ಬರೆಸುತ್ತಾಳೆ.

ನಿಮ್ಮ ವಿಧೇಯ,
ಶೇಷಪ್ಪ


ಮಲ್ಲಂದೂರು
9 ನವೆಂಬರ್ 1998

ಶೇಷಪ್ಪ,

ಮರ ನಿಂತಿದೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಜುಲೈನಲ್ಲಿ ಒಂಬತ್ತು ದಿನ ಬಿಡದೆ ಹೊಡೆಯಿತು. ದಿನಾ ಬೆಳಗ್ಗೆ ಎದ್ದು, ಕಾಫಿ ಕುಡಿಯುವ ಮೊದಲು, ಅಂಗಳದಿಂದ ತಲೆಯೆತ್ತಿ ಧೂಪದ ತುದಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಂಡ ದಿನವೆಲ್ಲ ಮನಸ್ಸಿನಲ್ಲೇ ನಿನಗೆ ಕೈ ಮುಗಿದಿದ್ದೇನೆ. ಇದನ್ನು ಹೆಮ್ಮೆಪಟ್ಟುಕೊಂಡು ಊರೆಲ್ಲ ಹೇಳಬೇಡ.

ನೀನು ಹೇಳಿದ ಹಾಗೆ ಕೊಂಬೆ ಮಲಗಿಸಿದೆವು. ಆಳುಗಳು ನಕ್ಕರು. ಕಮ್ಯುನಿಸ್ಟ್ ಗಿಡ ಕೀಳಬೇಡಿ ಎಂದಾಗ ಅಮ್ಮಾವ್ರಿಗೆ ಅರುಳುಮರುಳು ಎಂದುಕೊಂಡಿರಬೇಕು. ಮಳೆಯ ಮಧ್ಯೆ ಒಮ್ಮೆ ಹತ್ತಿ ನೋಡಿದೆ. ಕೆಳಗೆ ಬರುವ ನೀರು ಹೋದ ವರ್ಷ ರಕ್ತದ ಬಣ್ಣವಿತ್ತು, ಈ ವರ್ಷ ಟೀ ಬಣ್ಣ. ಕೊಂಬೆಸಾಲಿನ ಮೇಲ್ಮಗ್ಗುಲಲ್ಲಿ ಎಲೆ, ಕಸ, ಹಕ್ಕಿ ಉಗುಳಿದ ಬೀಜ ಎಲ್ಲ ಸೇರಿ ಅಂಗೈ ದಪ್ಪ ಕೂತಿದೆ. ಬೋಳುಬಿದ್ದ ಬಂಡೆಯ ಮೇಲೂ ಪಾಚಿ ಹಸಿರಾಗಿದೆ.

ಮಣ್ಣು ಪರೀಕ್ಷೆಯ ಆಫೀಸಿನಿಂದ ಒಬ್ಬರು ಬಂದಿದ್ದರು. ಕೆಳಗಿನ ಪಟ್ಟೆಯ ಮಣ್ಣು ತೆಗೆದುಕೊಂಡು ಹೋಗಲು ಬಂದವರನ್ನು ನಾನೇ ಬನಕ್ಕೆ ಕರೆದುಕೊಂಡು ಹೋದೆ. ಬಂಡೆ ಸವೆದು ಮಣ್ಣಾಗುವುದು ಎಷ್ಟು ನಿಧಾನ ಎಂದು ಅವರು ಹೇಳಿದರು. ಬಿಸಿಲಿಗೆ ಬಿರಿದು, ಮಳೆಗೆ ಕರಗಿ, ಕಲ್ಲುಹೂವು ಕೊರೆದು, ಬೇರು ಸೀಳಿ, ಒಂದು ಅಂಗುಲ ಆಗಬೇಕಾದರೆ ನೂರಾರು ವರ್ಷ ಹಿಡಿಯುತ್ತದಂತೆ. ಅವರು ಹೋದ ಮೇಲೆ ಚೌಡಿಯ ಕಲ್ಲಿನ ಮುಂದೆ ಕೂತುಬಿಟ್ಟೆ. ನಾನು ಒಂದು ಬೇಸಿಗೆಯಲ್ಲಿ ಎಷ್ಟು ತಲೆಮಾರನ್ನು ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿಸಿ ಕಳಿಸಿದೆ, ಶೇಷಪ್ಪ?

'ನಾನು' ಎಂದೇ ಬರೆದಿದ್ದೇನೆ. ನಿನಗೂ ನನಗೂ ಗೊತ್ತಿರುವುದೇ. ನಮ್ಮ ಯಜಮಾನರು ತೀರಿಕೊಂಡು ಎರಡನೇ ವರ್ಷ. ಎಲ್ಲರೂ ಹೊಸ ಕಾಫಿ ಹಾಕುವ ಹುಮ್ಮಸ್ಸಿನಲ್ಲಿದ್ದರು. ನಲವತ್ತು ಸಾವಿರ ಸಸಿ ಮಾಡಿ ಕೊಡುತ್ತೇನೆ ಎಂದು ನಾಲಿಗೆ ಕೊಟ್ಟಿದ್ದೆ. ಗಂಡ ಹೋದ ಮನೆ ಎಂದು ಕನಿಕರ ಪಡುವವರಿಗೆ ಒಂದು ಉತ್ತರ ಬೇಕಿತ್ತು. ಕೊಟ್ಟೆಗೆ ಕಾಡುಮಣ್ಣು ಬೇಕು, ಎಲ್ಲೂ ಸಾಲುತ್ತಿಲ್ಲ. ಆಗ ಜಗಲಿಯ ಮೇಲೆ ನಿಂತು, ಬನದ ಕಡೆ ಕೈ ತೋರಿಸಿ, ನಾನು ನಿನಗೆ ಹೇಳಿದ ಮಾತು ನೆನಪಿದೆ. "ಎಲೆ ತರಬಾರ್ದು, ಕಡ್ಡಿ ತರಬಾರ್ದು ಅಂತ ಕಟ್ಟಳೆ ಇರೋದು. ಮಣ್ಣು ತರಬಾರ್ದು ಅಂತ ಯಾರು ಹೇಳಿದಾರೆ?" ನೀನು ಸರಿ ಅಮ್ಮಾ ಎಂದೆ.

ಒರತೆ ಮೊದಲ ಸಲ ಬತ್ತಿದ ವರ್ಷ ಚೌಡಿ ಪೂಜೆಯಲ್ಲಿ ಲಕ್ಕಯ್ಯ ಎಲ್ಲರ ಮುಂದೆ ಕೇಳಿದ, ಬನದ ಮಣ್ಣು ತೆಗೆಸಿದ್ದು ಯಾರು ಎಂದು. ಪೂಜೆ ಮಾಡುವವನಿಗೆ ಕೇಳುವ ಹಕ್ಕಿದೆ. ನಾನು "ಮೇಸ್ತ್ರಿ ತೆಗೆಸಿದ್ದು" ಅಂದೆ. ನೀನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಇಳಿದು ಹೋದೆ. ಒಂದು ಮಾತು ಆಡಲಿಲ್ಲ.

ಮುತ್ತಮ್ಮನ ವಿಷಯ ಕೇಳಿದ್ದೀಯ. ಸುಳ್ಳು ಬರೆಯಲಾರೆ. ಕೆಲಸದಲ್ಲಿ ತೊಂದರೆಯಿಲ್ಲ, ಗಂಡ ಒಳ್ಳೆಯವನು. ಆದರೆ ಪೂಜೆಯ ದಿನ ಎಲ್ಲ ಮನೆಯವರೂ ಎಡೆ ಹೊತ್ತು ಬನಕ್ಕೆ ಹತ್ತುತ್ತಾರೆ, ಅವಳಿಗೆ ಮಾತ್ರ ಹೊರಲು ಬಿಡುವುದಿಲ್ಲ. ಬನ ಕೆರೆದವನ ಮಗಳು ಎನ್ನುತ್ತಾರೆ. ಅವಳು ಬೇಲಿಯ ಹೊರಗೆ ನಿಂತು ಕೈ ಮುಗಿದು ಬರುತ್ತಾಳೆ. ನಾನು ನೋಡುತ್ತಾ ನಿಂತಿರುತ್ತೇನೆ. ಬಾಯಿ ಬರುವುದಿಲ್ಲ.

ನಿನ್ನ ಮೂಟೆಗಳು ಇನ್ನೂ ಮೊಯ್ದು ಅವರ ಶೆಡ್ಡಿನಲ್ಲೇ ಇವೆ. ಅವರೂ ಎರಡು ಸಲ ಹೇಳಿ ಕಳಿಸಿದರು. ಎಂಜಲೆಲೆಯ ಮಣ್ಣನ್ನು ಚೌಡಿಯ ಬನಕ್ಕೆ ಹಾಕುವುದು ಹೇಗೆ? ಒಂದು ತಪ್ಪು ಮಾಡಿದ್ದೇ ಸಾಕಾಗಿದೆ.

ಇಂತಿ,
ವಿಮಲಮ್ಮ


ಹೊರನಾಡು
1 ಡಿಸೆಂಬರ್ 1998

ಅಮ್ಮನವರಿಗೆ ನಮಸ್ಕಾರಗಳು.

ಮೊದಲು ಎಂಜಲಿನ ಮಾತು. ಇದನ್ನು ನಾನು ಗುಂಡಿಯ ಕಟ್ಟೆಯ ಮೇಲೆ ಕೂತು ತುಂಬ ದಿನ ಯೋಚಿಸಿದ್ದೇನೆ.

ಬನದಲ್ಲಿ ಹಣ್ಣನ್ನು ಮಂಗ ಅರ್ಧ ತಿಂದು ಬಿಸಾಡುತ್ತದೆ. ಬಿದ್ದದ್ದನ್ನು ಹಂದಿ ತಿನ್ನುತ್ತದೆ. ಎಲೆಯನ್ನು ಹುಳು ತೂತು ಮಾಡುತ್ತದೆ, ಉದುರಿದ ಮೇಲೆ ಗೆದ್ದಲು ತಿನ್ನುತ್ತದೆ, ಗೆದ್ದಲು ಬಿಟ್ಟದ್ದನ್ನು ಎರೆಹುಳು. ಎರೆಹುಳು ಬಿಟ್ಟದ್ದನ್ನು ಬೇರು ಉಣ್ಣುತ್ತದೆ. ಆ ಬೇರಿನ ಮರದಲ್ಲೇ ಮತ್ತೆ ಹಣ್ಣು. ಬನದ ಮಣ್ಣೆಲ್ಲ ಎಂಜಲೇ, ಅಮ್ಮ. ಎಂಜಲಲ್ಲದ ಮಣ್ಣು ಅಂದರೆ ಕೆಳಗಿನ ಆ ಕೆಂಪು ಅಂಟು ಒಂದೇ. ಅದನ್ನು ಇನ್ನೂ ಯಾರೂ ಉಂಡಿಲ್ಲ, ಅದಕ್ಕೇ ಅದರಲ್ಲಿ ಏನೂ ಹುಟ್ಟುವುದಿಲ್ಲ. ಇಲ್ಲಿ ಅಮ್ಮನ ಪ್ರಸಾದ ಉಂಡ ಎಲೆ. ಚೌಡಿಯೂ ಅಮ್ಮನೇ ತಾನೇ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ.

ಇನ್ನು ಆ ದಿನದ್ದು. ಬೇಸರ ಆಗಿತ್ತು. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿಗೆ ಬಂದು ಮೂರು ತಿಂಗಳು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಆದರೆ ನಿಮ್ಮನ್ನು ಕಾಪಾಡಲು ಸುಮ್ಮನಿದ್ದೆ ಎಂದು ನೀವು ತಿಳಿದಿದ್ದರೆ ಅದು ಪೂರ್ತಿ ನಿಜವಲ್ಲ. ಮೊದಲನೇ ಗುದ್ದಲಿ ಹಾಕಿದವನು ನಾನೇ. ಮೇಲಿನ ಒಣ ಎಲೆಯ ದರಗು ಸರಿಸಿದಾಗ ಎಲೆಯಿಂದ ಬೇರಿಗೆ, ಬೇರಿನಿಂದ ಎಲೆಗೆ ಬಿಳಿ ನೂಲು ನೇಯ್ದ ಹಾಗಿತ್ತು. ಗುದ್ದಲಿ ಬಿದ್ದ ಜಾಗದಲ್ಲಿ ಅದು ಹರಿದು, ಎರೆಹುಳುಗಳು ಒದ್ದಾಡಿಕೊಂಡು ಮೇಲೆ ಬಂದವು. ಇದು ಆಗುವ ಕೆಲಸವಲ್ಲ ಎಂದು ಕೈಗೆ ಗೊತ್ತಾಯಿತು. ವಾಪಸ್ಸು ಬಂದು ನಿಮಗೆ ಹೇಳಿದ್ದರೆ ನೀವು ಕೇಳುತ್ತಿದ್ದಿರಿ. ನಲವತ್ತು ಸಾವಿರ ಸಸಿ ಎಬ್ಬಿಸಿದ ಮೇಸ್ತ್ರಿ ಅನ್ನಿಸಿಕೊಳ್ಳುವ ಆಸೆ ನನಗೂ ಇತ್ತು. ಹಾಗಾಗಿ ಅಗೆದೆ. ಲಕ್ಕಯ್ಯ ಕೇಳಿದಾಗ ಅದಕ್ಕೇ ಬಾಯಿ ಬರಲಿಲ್ಲ.

ಮುತ್ತಮ್ಮನ ವಿಷಯ ನಿಜ ಬರೆದಿರಿ. ಓದಿ ಸಂಕಟವಾಯಿತು. ಆದರೂ ಬರೆದದ್ದಕ್ಕೆ ಋಣಿ. ಅವಳು ನನಗೆ ಒಂದು ದಿನವೂ ಹೇಳಿಲ್ಲ.

ನಿಮ್ಮ ವಿಧೇಯ,
ಶೇಷಪ್ಪ


ಮಲ್ಲಂದೂರು
3 ಜೂನ್ 1999

ಶೇಷಪ್ಪ,

ಈ ಕಾರ್ಡಿನಲ್ಲಿ ಹಿಡಿಸುವಷ್ಟೇ ಬರೆಯುತ್ತೇನೆ. ಎರಡೂ ಮೂಟೆ ಮೇಲೆ ಹೋಯಿತು. ನಾನೇ ಕೈಯಾರೆ ಇಟ್ಟೆ. ಲಕ್ಕಯ್ಯನಿಗೆ ಹೇಳಿಲ್ಲ, ಚೌಡಿಗೆ ಹೇಳಿದ್ದೇನೆ. ಮೂಟೆಯೊಳಗೆ ಎರೆಹುಳು ಇನ್ನೂ ಬದುಕಿದ್ದವು ಮಾರಾಯ, ಒಂದು ವರ್ಷ ಆ ಶೆಡ್ಡಿನಲ್ಲಿದ್ದು! ಈ ಸಲದ ಪೂಜೆಯಲ್ಲೂ ಬಾಯಿ ಬರಲಿಲ್ಲ. ಮುತ್ತಮ್ಮ ಬೇಲಿಯ ಹೊರಗೇ ನಿಂತಿದ್ದಳು.

ವಿಮಲಮ್ಮ


ಮಲ್ಲಂದೂರು
24 ಮೇ 2000

ಶೇಷಪ್ಪ,

ನಿನ್ನೆ ಚೌಡಿ ಪೂಜೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ. ನಿನ್ನ ಅಕ್ಷರವನ್ನು ಇಪ್ಪತ್ತಾರು ವರ್ಷ ಮಸ್ಟರ್ ರೋಲಿನಲ್ಲಿ ಓದಿದವಳು ನಾನು.

ಮೊದಲು ಬನದ ಸುದ್ದಿ ಹೇಳಬೇಕು, ಏಕೆಂದರೆ ಎಲ್ಲ ಶುರುವಾದದ್ದು ಅದರಿಂದಲೇ. ಹೆಬ್ಬಲಸಿನ ಬೊಡ್ಡೆಯ ಮೇಲೆ ಅಣಬೆ ಎದ್ದು, ಕೈ ಹಾಕಿದರೆ ಅವಲಕ್ಕಿಯ ಹಾಗೆ ಉದುರುತ್ತಿದೆ. ಅದರೊಳಗೇ ನೇರಳೆ ಸಸಿ ಬೇರು ಬಿಟ್ಟಿದೆ. ಕೊಂಬೆಸಾಲುಗಳ ಹತ್ತಿರ ಧೂಪದ ಸಸಿ ಎಣಿಸಿದೆ, ಮೂವತ್ತೊಂದು. ಕಮ್ಯುನಿಸ್ಟ್ ಗಿಡ ನೆರಳಿದ್ದ ಕಡೆ ಸೊರಗಿದೆ. ಕಡ್ಡಿಯಲ್ಲಿ ಅಳೆದು ನೋಡಿದರೆ ಕಪ್ಪು ಮಣ್ಣು ಉಗುರಿನ ದಪ್ಪ. ಅಷ್ಟೇ. ಆದರೆ ಮೂಸಿದರೆ ಬನದ ವಾಸನೆ ಬಂತು. ಒರತೆಯಲ್ಲಿ ಏಪ್ರಿಲ್ ಕೊನೆಯವರೆಗೂ ನೀರಿತ್ತು.

ಎಲ್ಲರಿಗೂ ಸಂತೋಷ. ಮಂಗಳಾರತಿಯಾದ ಮೇಲೆ ಲಕ್ಕಯ್ಯ ತೀರ್ಥ ಕೊಡುತ್ತಾ ದೊಡ್ಡ ದನಿಯಲ್ಲಿ ನನ್ನನ್ನು ಹೊಗಳಲು ಶುರುಮಾಡಿದ. ಮೇಸ್ತ್ರಿ ಹಾಳು ಮಾಡಿ ಹೋದ ಬನವನ್ನು ಅಮ್ಮಾವ್ರು ಎದೆಗವಚಿಕೊಂಡು ಉಳಿಸಿದರು, ಇಂಥವರು ಇರುವುದರಿಂದಲೇ ಮಳೆ ಬೆಳೆ ಎಂದ. ಎಲ್ಲರೂ ತಲೆದೂಗಿದರು. ಬೇಲಿಯ ಆಚೆ ಮುತ್ತಮ್ಮ ಕೈ ಮುಗಿದುಕೊಂಡು ನಿಂತಿದ್ದಳು. ಬೈಗುಳವನ್ನಾದರೂ ನುಂಗಬಹುದು, ಶೇಷಪ್ಪ. ಆ ಹೊಗಳಿಕೆಯನ್ನು ನುಂಗಲಾಗಲಿಲ್ಲ.

"ಬನ ಉಳಿಸಿದ್ದು ಶೇಷಪ್ಪ. ಮಣ್ಣು ತೆಗೆಸಿದ್ದು ನಾನು."

ಇಷ್ಟು ಹೇಳಿದೆ. ಹೇಳಲು ಮೂರು ವರ್ಷ ಬೇಕಾಯಿತು. ಆಮೇಲೆ ಜಗಲಿಯ ಮೇಲೆ ನಿನಗೆ ಹೇಳಿದ ಮಾತನ್ನೂ ಹೇಳಿದೆ, ನಿನ್ನ ಕಾಗದಗಳ ವಿಷಯ ಹೇಳಿದೆ, ಎಂಜಲೆಲೆಯ ಮೂಟೆಯನ್ನೂ ಮುಚ್ಚಿಡಲಿಲ್ಲ. ಲಕ್ಕಯ್ಯ ತೀರ್ಥದ ತಂಬಿಗೆಯನ್ನು ಚೌಡಿಯ ಕಲ್ಲಿನ ಮುಂದೆ ಇಟ್ಟ. ನನ್ನನ್ನು ಏನು ಮಾಡುತ್ತಾನೋ ಎಂದು ನಿಜಕ್ಕೂ ಹೆದರಿದ್ದೆ.

ಕೊನೆಗೆ ತಪ್ಪು ಕಾಣಿಕೆ ಹಾಕಬೇಕಾಗುತ್ತದೆ ಎಂದ. ಕೋಳಿಯೋ ಸೀರೆಯೋ ಎಂದು ಕೇಳಿದೆ. "ಅದೆಲ್ಲ ಅವಳಿಗೆ ಯಾಕೆ ಅಮ್ಮಾವ್ರೆ? ತಗೊಂಡದ್ದನ್ನೇ ತಂದು ಹಾಕಿ" ಎಂದ. ಕಟ್ಟಳೆಯನ್ನು ಅಲ್ಲೇ ಮಾಡಿದ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ತೋಟದಿಂದ ಒಂದು ಹೆಡಿಗೆ ದರಗು ತಲೆಯ ಮೇಲೆ ಹೊತ್ತು ಬನಕ್ಕೆ ಹತ್ತಬೇಕು. ನಾನು ಒಪ್ಪಿಕೊಂಡೆ. ಆಗ ಆಳುಗಳಲ್ಲಿ ಒಬ್ಬಳು, ಕೊಟ್ಟೆ ತುಂಬಿದ್ದು ನಾವೂ ಅಲ್ಲವೇ, ನಮಗೂ ಗೊತ್ತಿತ್ತು ಎಂದಳು. ಸಂಜೆಯೊಳಗೆ ಹದಿನಾಲ್ಕು ಮನೆಯಿಂದ ಹದಿನಾಲ್ಕು ಹೆಡಿಗೆ ಮೇಲೆ ಹೋಯಿತು. ನನ್ನದು ಮೊದಲು. ಐವತ್ತೆಂಟರ ಕುತ್ತಿಗೆ, ಈಗ ಎಡಕ್ಕೆ ತಿರುಗುತ್ತಿಲ್ಲ.

ಲಕ್ಕಯ್ಯ ತಾನೇ ಬೇಲಿಯ ಹತ್ತಿರ ಹೋಗಿ ಮುತ್ತಮ್ಮನನ್ನು ಕರೆದ. ನೀನೂ ಹೊರು ತಾಯಿ, ನಮ್ಮಿಂದ ತಪ್ಪಾಯಿತು ಎಂದ. ಅವಳು ಬೇಲಿ ದಾಟಿ ಒಳಗೆ ಬಂದಳು. ಹೆಡಿಗೆ ಕೇಳಿ ಪಡೆದು, ತೋಟದಲ್ಲಿ ತಾನೇ ದರಗು ಗುಡಿಸಿ ಒತ್ತಿ ತುಂಬಿದಳು. ತುಂಬಿ, ಬನದ ಬಾಯಲ್ಲಿ ಇಟ್ಟು, ಮೇಲೆ ಹಳೇ ಟಾರ್ಪಾಲು ಮುಚ್ಚಿದಳು.

"ಇದು ಅಪ್ಪಂದು. ಅವರು ಬಂದು ಹೊರ್ಲಿ. ಅವರು ಹೊತ್ತ ಮೇಲೆ ನಾನು ಹೊರ್ತೀನಿ."

ಅಷ್ಟು ಹೇಳಿ ಮನೆಗೆ ಹೋದಳು. ಹೆಡಿಗೆ ಅಲ್ಲೇ ಇದೆ. ಯಾರೂ ಮುಟ್ಟಿಲ್ಲ.

ನಾನು ನಿನ್ನಲ್ಲಿ ಕ್ಷಮೆ ಕೇಳಬೇಕು. ಕೇಳುತ್ತಿದ್ದೇನೆ. ನೀನು ಮರ ಉಳಿಸಿಕೊಟ್ಟೆ. ಅದಕ್ಕಿಂತ ಹೆಚ್ಚಾಗಿ, ಈ ಎರಡು ವರ್ಷ ಒಂದು ಕಾಗದದಲ್ಲೂ ನನ್ನನ್ನು ಅವಸರಪಡಿಸಲಿಲ್ಲ. ಈ ಉಪಕಾರವನ್ನು ಹೇಗೆ ತೀರಿಸುವುದು ಎಂದು ನನಗೆ ತಿಳಿಯುತ್ತಿಲ್ಲ.

ವಿಮಲಮ್ಮ


ಹೊರನಾಡು
30 ಮೇ 2000

ಅಮ್ಮನವರಿಗೆ ನಮಸ್ಕಾರಗಳು.

ಕಾಗದವನ್ನು ಗುಂಡಿಯ ಹತ್ತಿರವೇ ನಿಂತು ಎರಡು ಸಲ ಓದಿದೆ. ಮೂರನೇ ಸಲ ಕಣ್ಣು ಕಾಣಲಿಲ್ಲ. ಅಡಿಗೆಯ ಓಂಕಾರಪ್ಪ ಓಡಿ ಬಂದು ಏನಾಯಿತು ಎಂದ. ನನ್ನ ಮಗಳು ಹೆಡಿಗೆ ಹೊರಲಿಲ್ಲವಂತೆ ಎಂದೆ. ಪಾಪ, ಕೆಟ್ಟ ಸುದ್ದಿ ಎಂದುಕೊಂಡು ಬೆನ್ನು ಸವರಿ, ಹೋಗಲಿ ಬಿಡಿ, ಇವತ್ತಲ್ಲ ನಾಳೆ ಹೊರುತ್ತಾಳೆ ಎಂದು ಸಮಾಧಾನ ಮಾಡಿದ. ಅಳುತ್ತಿದ್ದವನಿಗೆ ನಗು ಬಂತು.

ನೀವು ಕ್ಷಮೆ ಕೇಳಿದ್ದು ದೊಡ್ಡದು. ಕೊಟ್ಟಿದ್ದೇನೆ. ನನ್ನ ಪಾಲಿನದನ್ನು ನಾನು ಚೌಡಿಯ ಹತ್ತಿರ ಕೇಳಿಕೊಳ್ಳಬೇಕು. ತೀರಿಸುವ ಮಾತು ಬೇಡ. ನನ್ನ ಮಗಳು ಬೇಲಿಯ ಒಳಗೆ ಬಂದಳು. ಈ ಜನ್ಮಕ್ಕೆ ನನಗೆ ಅದು ಸಾಕು, ನಿಮ್ಮ ಉಪಕಾರವೇ ನನ್ನ ಮೇಲಿದೆ.

ಬರುವ ಮಂಗಳವಾರ ಮೊದಲನೇ ಬಸ್ಸಿಗೆ ಹೊರಟು ಬರುತ್ತೇನೆ. ಮಳೆ ಹಿಡಿಯುವುದರೊಳಗೆ ದರಗು ಮೇಲೆ ಹೋಗಬೇಕು.

ಒಂದು ಮಾತು. ಒತ್ತಿ ತುಂಬಿದ ಹೆಡಿಗೆಯನ್ನು ಒಬ್ಬನೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ. ಎತ್ತಿ ಹೊರಿಸಲು ಇನ್ನೊಬ್ಬರು ಬೇಕು. ಆಳುಗಳು ಓಡಿ ಬರುತ್ತಾರೆ, ಲಕ್ಕಯ್ಯನೂ ಬರುತ್ತಾನೆ. ಅವರು ಯಾರೂ ಬೇಡ. ಕುತ್ತಿಗೆ ನೋವು ಕಡಿಮೆಯಾಗಿದ್ದರೆ, ನೀವು ಬಂದು ಒಂದು ಕೈ ಹಚ್ಚಿ.

ಶೇಷಪ್ಪ